ಓಡುವವನು, ಹಿಡಿಯುವವನು

ನನಗೂ ನನ್ನ ಗೆಳೆಯನಿಗೂ ಹದಿಮೂರನೆಯ ವಯಸ್ಸಿನಲ್ಲಿ ಒಂದು ಜಗಳ ಶುರುವಾಯಿತು. ಚಿತ್ರದ ಪುಸ್ತಕದಲ್ಲಿ ಇಬ್ಬರು ವೀರರು ಎದುರುಬದುರಾದರೆ ಗೆಲ್ಲುವವನು ಯಾರು, ಗಾಳಿಯಂತೆ ಓಡುವವನೋ, ಬೆಟ್ಟ ಎತ್ತುವವನೋ? ಈಗಿನ ಮಕ್ಕಳು ಅವರನ್ನು ಸೂಪರ್‌ಹೀರೋ ಎನ್ನುತ್ತಾರೆ. ನಮಗೆ ಅವರೆಲ್ಲ ಪೈಲ್ವಾನರು. ಇದೂ ಒಂದು ಜಗಳವೇ ಎಂದು ಯಾರಾದರೂ ನಕ್ಕರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಚಹಾದಂಗಡಿಯಲ್ಲಿ ಕುಳಿತ ದೊಡ್ಡವರು ಕಣ್ಣಿಂದ ಕಾಣದ ಮಂತ್ರಿಗಳಿಗಾಗಿ ಕಿತ್ತಾಡುತ್ತಿದ್ದರು. ನಾವು ನಮಗಾಗಿಯೇ ಕಿತ್ತಾಡುತ್ತಿದ್ದೆವು, ಅದು ನಮಗೆ ಗೊತ್ತಿರಲಿಲ್ಲ ಅಷ್ಟೇ.

ನಮ್ಮದು ಶಹಾಬಾದ. ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರಿದ್ದ ಕಾಲ. ಗೆಳೆಯನ ಮನೆ ನಮ್ಮ ಓಣಿಯಲ್ಲೇ ನಾಲ್ಕು ಮನೆ ಆಚೆ. ಅವನ ತಂದೆ ಅವನಿಗೆ ನೆನಪೇ ಉಳಿಯದ ವಯಸ್ಸಿನಲ್ಲಿ ತೀರಿಕೊಂಡಿದ್ದರು. ತಾಯಿ ಮನೆಯಲ್ಲೇ ಬಟ್ಟೆ ಹೊಲಿದು ಅವನನ್ನು ಸಾಕಿದರು. ಅವನು ಅಮ್ಮೀ ಎನ್ನುತ್ತಿದ್ದ, ನಾನು ಖಾಲಾ ಎನ್ನುತ್ತಿದ್ದೆ. ಅವರ ತಮ್ಮ ವಾಡಿ ಸ್ಟೇಷನ್ನಿನಲ್ಲಿ ಚಹಾ ಮಾರುತ್ತಿದ್ದ. ಮುಂಬಯಿಯಿಂದ ಮದ್ರಾಸಿಗೆ ಹೋಗುವ ಗಾಡಿಗಳಲ್ಲಿ ಜನ ಬಿಟ್ಟು ಹೋದ ಚಿತ್ರದ ಪುಸ್ತಕಗಳನ್ನು ಆ ಮಾಮು ಶುಕ್ರವಾರ ಬರುವಾಗ ಹಿಡಿದು ತರುತ್ತಿದ್ದ. ಬಜ್ಜಿ ಕಟ್ಟಿಕೊಡಲು ಹರಿದುಕೊಂಡದ್ದು ಹೋಗಿ ಉಳಿದ ಹಾಳೆಗಳು ಮಾತ್ರ ನಮ್ಮ ಪಾಲಿಗೆ ಬರುತ್ತಿದ್ದವು.

ಪುಸ್ತಕಗಳೆಲ್ಲ ಇಂಗ್ಲಿಷಿನವು. ನಮ್ಮ ಇಂಗ್ಲಿಷು ಬೆಕ್ಕು, ನಾಯಿಗಳನ್ನು ದಾಟಿ ಮುಂದೆ ಹೋಗಿರಲಿಲ್ಲ. ಹೀಗಾಗಿ ಚಿತ್ರ ನೋಡಿ ಮಾತು ನಾವೇ ಹಾಕುತ್ತಿದ್ದೆವು. ಆಕಾಶದೆತ್ತರದ ಮಹಡಿಗಳ ಮೇಲೆ ನಿಂತ ಆ ಪೈಲ್ವಾನರು ನಮ್ಮ ಬಾಯಲ್ಲಿ, ‘ಎಲ್ಲಿಗಿ ಓಡ್ತೀಲೇ ಮಗನಾ, ನಿಲ್ಲು!’ ಎಂದು ಕೂಗಾಡುತ್ತಿದ್ದರು. ಒಂದು ಪುಸ್ತಕದಲ್ಲಿ ನೀಲಿ ಮುಖವಾಡದ ಒಬ್ಬ ಸಣಕಲನಿದ್ದ, ಅವನು ಓಡಿದರೆ ಕಾಗದದ ಮೇಲೆ ಗೆರೆಗಳಷ್ಟೇ ಕಾಣುತ್ತಿದ್ದವು. ಇನ್ನೊಬ್ಬ ಹೋರಿಯ ಹೆಗಲಿನವನು, ರೈಲಿನ ಎಂಜಿನ್ನನ್ನು ಹಳಿಯಿಂದ ಎತ್ತಿ ಪಕ್ಕಕ್ಕಿಡುತ್ತಿದ್ದ. ಇಬ್ಬರೂ ಹೊಡೆದಾಟಕ್ಕೆ ನಿಂತಿದ್ದಾರೆ ಎನ್ನುವಲ್ಲಿಗೆ ಹಾಳೆ ಮುಗಿದಿತ್ತು. ಮುಂದಿನದನ್ನು ಯಾವನೋ ಬಜ್ಜಿ ತಿಂದು ಕೈ ಒರೆಸಿ ಎಸೆದಿದ್ದ.

ನಾನು ಓಣಿಯವರ ಬಾಯಲ್ಲಿ ಕಡ್ಡಿ ಪೈಲ್ವಾನ. ಗೆಳೆಯ ಗುಂಡುಕಲ್ಲಿನಂತಿದ್ದ. ಯಾರು ಯಾರ ಪಕ್ಷ ಹಿಡಿದೆವು ಎಂದು ಬೇರೆ ಹೇಳಬೇಕಾಗಿಲ್ಲ.

‘ಏಟು ಬೀಳೂ ಜಾಗಾದಾಗ ನಾ ಇರಂಗೇ ಇಲ್ಲ. ನಿನ್ನ ಶಕ್ತಿ ತಗೊಂಡು ಏನ್ ಮಾಡ್ತೀ? ಗಾಳಿಗಿ ಗುದ್ದು’ ಎನ್ನುತ್ತಿದ್ದೆ ನಾನು.

‘ಎಷ್ಟಂತ ಓಡ್ತೀ? ಒಂದು ಸಲ ಕೈಗಿ ಸಿಗು. ಮುಗೀತು’ ಎನ್ನುತ್ತಿದ್ದ ಅವನು.

ಖಾಲಾ ಹೊಲಿಗೆ ಯಂತ್ರದ ಹಿಂದಿನಿಂದ ಕೇಳಿಸಿಕೊಳ್ಳುತ್ತಿದ್ದರು. ‘ಒಬ್ಬಾಂವ ಓಡ್ತಾನ, ಒಬ್ಬಾಂವ ಹೊಡೀತಾನ. ಆ ಮನ್ಯಾಗ ನೀರು ತರಾಂವ ಯಾರಪ್ಪಾ?’ ಎಂದು ಕೊಡ ಮುಂದೆ ತಂದಿಡುತ್ತಿದ್ದರು.

ಒಂದು ಬೇಸಿಗೆ ದಂಡೋತಿಯ ಬಳಿ ಕಾಗಿಣಾ ಹೊಳೆಯ ಉಸುಕಿನಲ್ಲಿ ಇದರ ಪರೀಕ್ಷೆಯೂ ಆಯಿತು. ಅವನು ನಡುವೆ ನಿಲ್ಲುವುದು, ನಾನು ಸುತ್ತ ಓಡುತ್ತ ಅವನ ಬೆನ್ನು ಮುಟ್ಟಿ ತಪ್ಪಿಸಿಕೊಳ್ಳುವುದು. ಏಳು ಸಲ ಮುಟ್ಟಿದೆ. ಎಂಟನೆಯ ಸಲ ಮಣಿಕಟ್ಟು ಅವನ ಕೈಗೆ ಸಿಕ್ಕಿತು. ಎಳೆದಾಡಿದೆ, ಕಚ್ಚಿದೆ, ಕೈ ಬಿಡಲಿಲ್ಲ. ‘ಏಳು ಸಲ ಸತ್ತೀಯಲೇ ನೀ!’ ಎಂದು ಕಿರುಚಿದೆ. ‘ಏಳು ಸಲ ಸತ್ತಾಂವ ಹ್ಯಾಂಗ ನಿಂತೀನಿ ನೋಡು’ ಎಂದು ನಗುತ್ತಿದ್ದವನು, ನನ್ನ ಮಣಿಕಟ್ಟು ಕೆಂಪಾದದ್ದು ಕಂಡು ನಗು ನಿಲ್ಲಿಸಿದ. ಮನೆ ಮುಟ್ಟುವವರೆಗೂ ನಾಲ್ಕು ಸಲ ಅದನ್ನೇ ತಿರುಗಿಸಿ ನೋಡಿದ. ನಾನಾದರೆ ಅದನ್ನು ಅವನ ಮುಂದೆ ಹಿಡಿದು ಇನ್ನಷ್ಟು ನರಳಿದೆ.

ಹತ್ತನೆಯ ತರಗತಿಯಲ್ಲಿ ವಿಜ್ಞಾನದ ಮಾಸ್ತರರು ಒಂದು ಸೂತ್ರ ಬರೆಸಿದರು. ಓಡುವ ವಸ್ತುವಿನ ಶಕ್ತಿ ಲೆಕ್ಕ ಹಾಕುವಾಗ ತೂಕವನ್ನು ಒಂದೇ ಸಲ ಹಿಡಿಯಬೇಕು, ವೇಗವನ್ನು ಮಾತ್ರ ವೇಗದಿಂದಲೇ ಗುಣಿಸಬೇಕು. ನನಗೆ ಕುಬೇರನ ಗಂಟು ಸಿಕ್ಕಂತಾಯಿತು. ಶಾಲೆ ಬಿಡುವುದಕ್ಕೂ ಕಾಯದೆ ಸೂತ್ರ ಬರೆದುಕೊಂಡ ಪಟ್ಟಿಯನ್ನು ಅವನ ಮುಖಕ್ಕೆ ಹಿಡಿದೆ. ಅವನು ಬಹಳ ಹೊತ್ತು ನೋಡಿದ. ‘ನಿಂತ ಕಲ್ಲಿಗಿ ವೇಗ ಇಲ್ಲ. ಅದಕ್ಕಂತ ಅದು ಹಗುರ ಅದ ಏನು?’ ಎಂದು ಕೇಳಿದ. ನಾನು ಪಟ್ಟಿ ಕಿತ್ತುಕೊಂಡು ಹೋದೆ. ಆ ಸೂತ್ರ ಬಾಯಿಪಾಠ ಮಾಡಿಕೊಂಡ ನಾನು ಗಣಿತದಲ್ಲಿ ಫೇಲಾದೆ. ಅವನು ಪರೀಕ್ಷೆಗೇ ಕೂರದೆ ಫರಸಿ ಗಣಿಗೆ ಹೋದ.

ಮನೆಗಳ ನೆಲಕ್ಕೆ ಹಾಸುವ ಕಲ್ಲಿಗೆ ನಮ್ಮಲ್ಲಿ ಫರಸಿ ಎನ್ನುತ್ತಾರೆ. ನಮ್ಮೂರ ಸುತ್ತ ಮೇಲಿನ ಕಪ್ಪು ಮಣ್ಣು ಸರಿಸಿದರೆ ಕೆಳಗೆ ಕಲ್ಲು ಪದರ ಪದರವಾಗಿ ಮಲಗಿರುತ್ತದೆ. ಉಳಿಯಿಂದ ಗೆರೆ ಹೊಡೆದು, ಪದರದ ಸಂದಿಗೆ ಹಾರೆ ಹಾಕಿ ಮೀಟಿದರೆ ಚಪ್ಪಡಿ ಎದ್ದು ಬರುತ್ತದೆ. ದೊಡ್ಡ ಚಪ್ಪಡಿಯನ್ನು ನಾಲ್ಕು ಮೂಲೆಗೆ ನಾಲ್ಕು ಜನ ಹಿಡಿದು ಹೊರಬೇಕು. ಮತ್ತೆ ಪರೀಕ್ಷೆಗೆ ಕಟ್ಟಿದ ನಾನೂ ಅಲ್ಲಿಯವರೆಗೆ ಸುಮ್ಮನೆ ಕೂರುವುದೇಕೆಂದು ಅವನ ಬೆನ್ನು ಹತ್ತಿ ಅಲ್ಲಿಗೇ ಹೋದೆ. ಹೋದವನು ಆಮೇಲೆ ಇನ್ನೂ ಎರಡು ಸಲ ಫೇಲಾಗಿ ಅಲ್ಲೇ ಉಳಿದೆ.

ಹೊರುವುದಕ್ಕಿಂತ ಇಳಿಸುವುದು ಕಷ್ಟದ ಕೆಲಸ. ಚಪ್ಪಡಿಯ ಕೆಳಗೆ ಬೆರಳು ಸಿಗಬಾರದೆಂದು ನೆಲದ ಮೇಲೆ ಮೊದಲೇ ಸಣ್ಣ ಅಡಿಗಲ್ಲುಗಳನ್ನು ಇಟ್ಟಿರುತ್ತಾರೆ. ನಾಲ್ವರೂ ಬಗ್ಗಬೇಕು. ಯಾರ ಮೂಲೆ ಅಡಿಗಲ್ಲಿನ ಮೇಲೆ ಸರಿಯಾಗಿ ಕೂತಿತೋ ಅವನು ‘ಕುಂತದ’ ಎಂದು ಕೂಗಿ ಕೈ ತೆಗೆಯಬೇಕು. ಮೂರು ಸಲ ‘ಕುಂತದ’ ಕೇಳಿದ ಮೇಲೆ ಮಾತ್ರ ನಾಲ್ಕನೆಯವನು ಬಿಡಬೇಕು. ಆ ನಾಲ್ಕನೆಯವನಿಗೆ ಕಡೀ ಕೈ ಎಂದು ಹೆಸರು, ತಂಡದಲ್ಲಿ ಎಲ್ಲರಿಗಿಂತ ಗಟ್ಟಿಮುಟ್ಟಾದವನಿಗೆ ಮಾತ್ರ ಆ ಜಾಗ. ಯಾರೂ ಯಾರ ಮೂಲೆಯನ್ನೂ ಬಗ್ಗಿ ನೋಡುತ್ತಿರಲಿಲ್ಲ, ನೋಡಲು ಆಗುತ್ತಲೂ ಇರಲಿಲ್ಲ. ಮಾತೊಂದೇ ಆಧಾರ. ಕೂರದ ಕಲ್ಲಿಗೆ ಕುಂತದ ಎಂದವನನ್ನು ಆ ಗಣಿಯಲ್ಲಷ್ಟೇ ಅಲ್ಲ, ಸುತ್ತಲಿನ ಯಾವ ಗಣಿಯಲ್ಲೂ ಮತ್ತೆ ಕಲ್ಲು ಮುಟ್ಟಗೊಡುತ್ತಿರಲಿಲ್ಲ.

ಹದಿನೆಂಟು ತುಂಬುವ ಮೊದಲೇ ಗೆಳೆಯ ಕಡೀ ಕೈಯಾದ. ಅವನ ವಯಸ್ಸಿನವರಿಗೆ ಯಾರಿಗೂ ಸಿಗದ ಮಾನ ಅದು. ಕೂಲಿಗಳ ಮೇಲ್ವಿಚಾರಣೆಯ ಮುಕಾದಮ ಅವನನ್ನು ಹೆಸರು ಹಿಡಿದು ಕರೆಯುವುದು ಬಿಟ್ಟು ‘ಪೈಲ್ವಾನ್’ ಎನ್ನತೊಡಗಿದ. ನನಗೆ ಹೊಟ್ಟೆಕಿಚ್ಚು. ನನ್ನ ಬಳಿ ಇದ್ದದ್ದು ವೇಗ, ಅದನ್ನೇ ತೋರಿಸತೊಡಗಿದೆ. ಕಲ್ಲು ಅಡಿಗಲ್ಲಿಗಿಂತ ಇನ್ನೂ ನಾಲ್ಕು ಬೆರಳು ಮೇಲಿರುವಾಗಲೇ ಕುಂತದ ಎಂದು ಕೈ ಎಳೆದುಕೊಳ್ಳುತ್ತಿದ್ದೆ. ಕಲ್ಲು ತಾನೇ ಧಪ್ಪೆಂದು ಕೂರುತ್ತಿತ್ತು. ಉಳಿದವರು ಸೊಂಟ ನೇರ ಮಾಡುವಷ್ಟರಲ್ಲಿ ನಾನು ಮುಂದಿನ ಕಲ್ಲಿನ ಹತ್ತಿರ ಹೋಗಿ ನಿಂತು ಅವರನ್ನು ಅಣಕಿಸುತ್ತಿದ್ದೆ. ತಿಂಗಳುಗಟ್ಟಲೆ ಹೀಗೇ ನಡೆಯಿತು, ಏನೂ ಆಗಲಿಲ್ಲ. ಏನೂ ಆಗದಿದ್ದದ್ದೇ ನನ್ನನ್ನು ಕೆಡಿಸಿತು.

ಆ ದಿನ ಬೆಳಿಗ್ಗೆ ಅಕಾಲದ ಮಳೆ ಬಂದು ನಿಂತಿತ್ತು. ಇಳಿಜಾರಿನಲ್ಲಿ ಚಪ್ಪಡಿ ಇಳಿಸುತ್ತಿದ್ದೆವು. ಮೇಲಿನ ಎರಡು ಮೂಲೆಗೆ ಇಬ್ಬರು ಹಿರಿಯರು, ಕೆಳಗಿನ ಎರಡು ಮೂಲೆಗೆ ನಾನು ಮತ್ತು ಅವನು. ಮೇಲಿನವರು ಕುಂತದ, ಕುಂತದ ಎಂದು ಕೈ ತೆಗೆದು ಆಚೆ ತಿರುಗಿದರು. ನಾನೂ ಕುಂತದ ಎಂದೆ. ಕೂತಿರಲಿಲ್ಲ. ಕೈ ಬಿಟ್ಟೆ. ಕಲ್ಲಿನ ಏಟಿಗೆ ನನ್ನ ಮೂಲೆಯ ಅಡಿಗಲ್ಲು ಹಸಿ ಮಣ್ಣಿನಲ್ಲಿ ಜಾರಿತು, ಚಪ್ಪಡಿ ವಾಲಿಕೊಂಡು ಕೆಳಗೆ ಸರಿಯಿತು. ಹಿಂದಕ್ಕೆ ಜಿಗಿಯಲು ಹೋಗಿ ನಾನು ಜಾರಿ ಕುಕ್ಕರಿಸಿ ಬಿದ್ದೆ, ಸರಿಯಾಗಿ ಅದರ ದಾರಿಯಲ್ಲಿ.

ನಾಲ್ವರು ಹೊರುವ ಕಲ್ಲು. ಹಿಡಿದಿದ್ದವನು ಅವನೊಬ್ಬನೇ. ಬಿಟ್ಟು ಪಕ್ಕಕ್ಕೆ ಹಾರಿದ್ದರೆ ಅವನಿಗೆ ಏನೂ ಆಗುತ್ತಿರಲಿಲ್ಲ. ಅವನು ಮೊಣಕಾಲು ಕೊಟ್ಟು ನಿಂತ. ‘ಸರೀಲೇ!’ ಎಂದ, ಕೂಗಿದ್ದೂ ಅಲ್ಲ, ಹಲ್ಲು ಕಚ್ಚಿಕೊಂಡು ಹೇಳಿದ್ದು. ನಾನು ಹಲ್ಲಿಯಂತೆ ಹರಿದಾಡಿ ಹೊರಬಂದೆ. ನನ್ನ ಜೀವಮಾನದಲ್ಲಿ ಅಷ್ಟು ವೇಗವಾಗಿ ಯಾವತ್ತೂ ಸರಿದದ್ದಿಲ್ಲ. ಎರಡು ಉಸಿರಿನಷ್ಟು ಹೊತ್ತು ಅವನು ಹಿಡಿದಿದ್ದಿರಬೇಕು. ಆಮೇಲೆ ಕಲ್ಲು ಅವನ ಬಲಗಾಲಿನ ಮೇಲೆ ಬಂತು. ಕಲ್ಲು ಒಡೆಯಲಿಲ್ಲ. ಅದನ್ನು ಎತ್ತಿ ತೊಳೆದು ಮರುದಿನವೇ ಲಾರಿಗೆ ಹಾಕಿದರು.

ಅವನನ್ನು ಗುಲಬರ್ಗಾದ ಆಸ್ಪತ್ರೆಗೆ ಒಯ್ದ ಮೇಲೆ ಮುಕಾದಮ ನಮ್ಮನ್ನು ನಿಲ್ಲಿಸಿ ಕೇಳಿದ. ಹಿರಿಯರಿಬ್ಬರೂ, ಮೂರು ಮಾತು ಕೇಳಿದ್ದು ಖರೇ ಎಂದರು. ಮುಕಾದಮ ನನ್ನ ಕಡೆ ತಿರುಗಿದ. ‘ನಿನ್ನ ಮೂಲಿ ಕುಂತಿತ್ತೇನು?’

‘ಕುಂತಿತ್ರಿ’ ಎಂದೆ. ಉತ್ತರವೂ ಬೇಗ ಬಂತು.

‘ಅಂದ್ರ ಕಡೀ ಕೈಯವಂದೇ ತಪ್ಪು. ಕಲ್ಲು ಬಿಟ್ಟಾನ’ ಎಂದು ಮುಕಾದಮ ಮುಗಿಸಿದ. ಅಷ್ಟೇ ವಿಚಾರಣೆ. ಗೆಳೆಯನ ಕಾಲು ಮೊಣಕಾಲಿನ ಕೆಳಗೆ ಹೋಯಿತು. ಅವನು ಆಸ್ಪತ್ರೆಯಿಂದ ಬರುವ ಮೊದಲೇ ಊರಿನಲ್ಲಿ ಅವನಿಗೆ ಕಲ್ಲು ಬಿಟ್ಟಾಂವ ಎಂಬ ಹೆಸರು ಬಂದಿತ್ತು. ಯಾವುದನ್ನೂ ಕೈಯಿಂದ ಬಿಡದವನಿಗೆ ಆ ಹೆಸರು.

ಯಾಕೆ ಹೇಳಲಿಲ್ಲ ಎಂದು ನನ್ನನ್ನು ನಾನೇ ಸಾವಿರ ಸಲ ಕೇಳಿಕೊಂಡಿದ್ದೇನೆ. ಮೊದಲ ದಿನ ಹೆದರಿಕೆ. ಎರಡನೆಯ ದಿನ, ನಿನ್ನೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ ಎಂಬ ಹೆದರಿಕೆ. ಅದಾದ ಮೇಲೆ ಪ್ರತಿ ದಿನವೂ ಹಿಂದಿನ ದಿನಕ್ಕೆ ಜವಾಬು ಕೊಡಬೇಕಾಗಿತ್ತು. ಇದಕ್ಕೆ ಬೇರೆ ಹೆಸರು ಹುಡುಕುವುದು ಬೇಡ. ನಾನು ಹೇಡಿ.

ಅವನು ಆಸ್ಪತ್ರೆಯಿಂದ ಬಂದ ಮರುದಿನ ಮಧ್ಯಾಹ್ನ ಖಾಲಾ ನಮ್ಮ ಮನೆಗೆ ಬಂದರು. ನಾನು ಒಳಗೆ ರೊಟ್ಟಿ ತಿನ್ನುತ್ತಿದ್ದೆ. ಅವ್ವ, ‘ಬರ್ರಿ, ಕುಂದ್ರಿ’ ಎಂದು ಎಷ್ಟು ಕರೆದರೂ ಅವರು ಹೊಸ್ತಿಲು ದಾಟಲಿಲ್ಲ.

‘ನಮ್ಮ ಹುಡುಗ ಕೈ ಬಿಟ್ಟಿದ್ದಕ್ಕ ನಿಮ್ಮ ಮಗನ ಜೀವಾ ಹೋಗ್ತಿತ್ತು, ಅಕ್ಕಾ. ದೊಡ್ಡ ಮನಸ್ಸು ಮಾಡಿ ಮಾಫ್ ಮಾಡ್ರಿ’ ಎಂದರು. ಅವ್ವ ಅವರ ಎರಡೂ ಕೈ ಹಿಡಿದುಕೊಂಡು ಅತ್ತಳು. ಖಾಲಾ ಅವಳ ತಲೆಯ ಮೇಲಿಂದ ಬಗ್ಗಿ ನನ್ನನ್ನು ನೋಡಿ, ‘ಉಣ್ಣಪ್ಪಾ, ಉಣ್ಣು, ಏಳಬ್ಯಾಡ’ ಎಂದರು. ನಾನು ಏಳಲಿಲ್ಲ. ಆ ರೊಟ್ಟಿಯನ್ನು ಪೂರ್ತಿ ತಿಂದೆ.

ಅದೇ ವರ್ಷ ಪರೀಕ್ಷೆ ಪಾಸಾಯಿತು. ಮಾಸ್ತರಿಕೆಯ ತರಬೇತಿ ಮುಗಿಸಿ ಚಿಂಚೋಳಿ ತಾಲೂಕಿನ ಒಂದು ಹಳ್ಳಿಯ ಶಾಲೆಗೆ ಹೋದೆ. ಶಹಾಬಾದಿನಿಂದ ಎಷ್ಟು ದೂರ ಸಿಕ್ಕರೆ ಅಷ್ಟು ಒಳ್ಳೆಯದೆಂದು ನಾನೇ ಕೇಳಿ ಪಡೆದ ಊರು. ಅರ್ಧ ಕನ್ನಡ, ಅರ್ಧ ತೆಲುಗು ಮಾತನಾಡುವ ಮಕ್ಕಳು. ಅವುಗಳ ಚೀಲದಲ್ಲೂ ಚಿತ್ರದ ಪುಸ್ತಕಗಳಿದ್ದವು, ಈಗ ಕನ್ನಡದಲ್ಲೇ ಬರುತ್ತಿದ್ದವು. ಒಮ್ಮೆ ಇಬ್ಬರು ಹುಡುಗರು ಅಂಗಿ ಹರಿದುಕೊಂಡು ನ್ಯಾಯಕ್ಕೆ ಬಂದರು. ಓಡುವ ಪೈಲ್ವಾನ ದೊಡ್ಡವನೋ, ಎತ್ತುವ ಪೈಲ್ವಾನ ದೊಡ್ಡವನೋ, ನೀವೇ ಹೇಳಿ ಸರ್ ಎಂದರು. ಗೊತ್ತಿಲ್ಲ ಎಂದೆ. ಹತ್ತನೆಯ ತರಗತಿಯ ಸೂತ್ರ ತಲೆಯಲ್ಲೇ ಇತ್ತು, ಅದನ್ನು ಹೇಳಿದ್ದರೆ ಹುಡುಗರಿಗೆ ಖುಷಿಯಾಗುತ್ತಿತ್ತು. ಇಬ್ಬರನ್ನೂ ಗದರಿಸಿ ಓಡಿಸಿದೆ.

ಅವತ್ತು ಶಾಲೆ ಬಿಟ್ಟ ಮೇಲೆ ಖಾಲಿ ತರಗತಿಯಲ್ಲಿ ಕುಳಿತು ಯೋಚಿಸಿದೆ. ವೇಗದವನ ವಿದ್ಯೆಯೆಲ್ಲ ಇಷ್ಟೇ, ಏಟು ಬೀಳುವ ಜಾಗದಲ್ಲಿ ಇಲ್ಲದಿರುವುದು. ಆದರೆ ಏಟು ಬೀಳುವುದು ಬಿಡುವುದಿಲ್ಲ, ಅಲ್ಲಿ ಇದ್ದವನ ಮೇಲೆ ಬೀಳುತ್ತದೆ. ಬಲ ಇದ್ದವನಿಗೆ ಇರುವ ಕಷ್ಟ ಬೇರೆ. ಅವನು ಹಿಡಿಯಬಲ್ಲ ಎಂದು ಎಲ್ಲರಿಗೂ ಗೊತ್ತಿರುವುದರಿಂದ ಅವನು ಹಿಡಿಯಲೇಬೇಕಾಗುತ್ತದೆ. ನಮ್ಮ ಎಣ್ಣೆ ಹತ್ತಿದ ಪುಸ್ತಕಗಳಲ್ಲಿ ಯಾರೂ ಯಾರಿಗೂ ಮಾತು ಕೊಟ್ಟಿರುತ್ತಿರಲಿಲ್ಲ. ಮಾತು ನಂಬಿ ಬಗ್ಗಿದವನ ಚಿತ್ರ ಒಂದೂ ಇರಲಿಲ್ಲ.

ವರ್ಷಗಳು ಹೋದವು. ಸೇಡಂ ಕಡೆ ವರ್ಗವಾಯಿತು, ಮದುವೆಯಾಯಿತು. ಗೆಳೆಯ ಮನೆಯ ಮುಂದೆಯೇ ಸೈಕಲ್ ಅಂಗಡಿ ಇಟ್ಟಿದ್ದ. ಹಬ್ಬಕ್ಕೆ ಊರಿಗೆ ಹೋದಾಗ ನಾನು ಅವನ ಅಂಗಡಿ ತಪ್ಪಿಸಿ ಹಿಂದಿನ ಓಣಿಯಿಂದ ಸುತ್ತಿ ಬರುತ್ತಿದ್ದೆ. ಎದುರಾದರೆ ‘ಆರಾಮ ಇದ್ದೀಯೇನಲೇ?’ ಎನ್ನುತ್ತಿದ್ದ, ನಾನು ಹೂಂ ಎನ್ನುತ್ತಿದ್ದೆ. ಖಾಲಾ ಮಾತ್ರ ಪ್ರತಿ ರಂಜಾನಿಗೂ ನಮ್ಮ ಮನೆಗೆ ಶೀರ್ ಖುರ್ಮಾ ಪಾಯಸ ಕಳಿಸುತ್ತಿದ್ದರು. ನನ್ನ ಪಾಲು ತೆಗೆದಿಡಬೇಕೆಂದು ಅವ್ವನಿಗೆ ಹೇಳಿ ಕಳಿಸುತ್ತಿದ್ದರಂತೆ.

ಖಾಲಾ ತೀರಿಕೊಂಡ ಸುದ್ದಿ ಬಂದಾಗ ನಾನು ಹೋಗಲಿಲ್ಲ. ಶಾಲೆಯಲ್ಲಿ ಪರೀಕ್ಷೆ ಇತ್ತು, ಹೋಗದಿರಲು ಅಷ್ಟು ಸಾಕಾಗಿತ್ತು. ಆದರೆ ಆಮೇಲೆ ನಿದ್ದೆ, ಊಟ ಎರಡೂ ಕೆಟ್ಟವು. ಅವರ ನಲವತ್ತನೆಯ ದಿನದ ಫಾತೆಹಾ ಪ್ರಾರ್ಥನೆಗೆ ಹೋದೆ. ಊಟ ಮುಗಿದು ಬಂಧುಗಳೆಲ್ಲ ಚದುರಿದ ಮೇಲೆ ಅವನು ಅಂಗಡಿ ಬಾಗಿಲು ತೆಗೆದು, ಯಾರದೋ ಸೈಕಲ್ಲಿನ ಟ್ಯೂಬು ನೀರಿನ ಬೋಗುಣಿಗೆ ಅದ್ದಿ ಪಂಕ್ಚರ್ ಹುಡುಕತೊಡಗಿದ. ನಾನು ಎದುರಿನ ಪೆಟ್ಟಿಗೆಯ ಮೇಲೆ ಕುಳಿತೆ. ಹನ್ನೊಂದು ವರ್ಷ ಹೇಳದೆ ಉಳಿಸಿಕೊಂಡಿದ್ದನ್ನು ಕೊನೆಗೆ ಹೇಳಿದೆ.

‘ಅವತ್ತು ನನ್ನ ಮೂಲಿ ಕುಂತಿರಲಿಲ್ಲ’ ಎಂದೆ. ‘ಕುಂತದ ಅಂತ ಸುಳ್ಳು ಕೂಗಿದೆ. ಮೊದಲು ಬಿಟ್ಟಾಂವ ನಾನು.’

ಅವನು ತಲೆ ಎತ್ತಲಿಲ್ಲ. ಟ್ಯೂಬನ್ನು ನೀರಿನಲ್ಲಿ ಇನ್ನಷ್ಟು ತಿರುಗಿಸಿದ. ‘ಇದನ್ನ ನನಗ ಹೇಳಾಕತ್ತೀಯೇನಲೇ?’ ಎಂದ. ‘ನೀ ಬಿಟ್ಟ ಭಾರ ಎಲ್ಲಿಗಿ ಹೋಗ್ತದ? ನನ್ನ ಕೈಗೇ ಬಂದಿತ್ತಲ್ಲ.’

‘ಮತ್ತ ಯಾಕ ಯಾರಿಗೂ ಹೇಳಲಿಲ್ಲ ನೀ?’

‘ಊರವರಿಗಿ ಹೇಳಿ ಏನ್ ಮಾಡೂದಿತ್ತು? ಅಮ್ಮೀಗೊಬ್ಬಾಕಿಗಿ ಹೇಳ್ದೆ. ದವಾಖಾನ್ಯಾಗಿಂದ ಬಂದ ದಿನಾನೇ ಹೇಳ್ದೆ.’ ಅವನು ಟ್ಯೂಬು ಹೊರಗೆ ತೆಗೆದು ಮೊಣಕಾಲಿನ ಮೇಲೆ ಒರೆಸಿದ. ‘ಭಾಳ ಬೈದ್ಲು. ನಿನ್ನ ತಪ್ಪು ದೋಸ್ತನ ಮ್ಯಾಲ ಹಾಕ್ತೀ, ಶರಮ್ ಇಲ್ಲೇನು ಅಂದ್ಲು. ಆ ಹುಡುಗ ನನ್ನ ಕೈಯಾಗ ಉಂಡು ಬೆಳದಾನ, ಅಂವ ಬಿಟ್ಟಿದ್ದರ ತಾನೇ ಬಂದು ನನ್ನ ಮುಂದ ಹೇಳ್ತಿದ್ದ ಅಂದ್ಲು. ಮರುದಿನ ನಿಮ್ಮ ಮನಿಗಿ ಬಂದಿದ್ಲು. ಯಾಕ ಬಂದಿದ್ಲು ಅಂತ ನಿನಗ ಗೊತ್ತದ.’

ನನಗೆ ಗೊತ್ತಿತ್ತು.

‘ನಂದೇನಿಲ್ಲಲೇ. ಕಾಲು ಹೋತು, ಹೋತು. ಸುಳ್ಳ ಮಗನ್ನ ಹಡದೆ ಅಂತ ತಿಳಕೊಂಡೇ ಹೋದ್ಲಲ್ಲ ಆಕಿ. ನೀ ಬರ್ತೀ, ಇವತ್ತು ಬರ್ತೀ, ನಾಳಿ ಬರ್ತೀ ಅಂತ ನಾನೂ ನೋಡ್ದೆ. ಎಲ್ಲಾದಕ್ಕೂ ಜಲ್ದಿ ಇದ್ದಾಂವ ನೀನು. ನಲವತ್ತು ದಿನ ತಡಾ ಮಾಡಿ ಬಂದಿ.’

ನಾನು ಅಳಲು ಶುರುಮಾಡಿದೆ. ಅವನು ಸುಮ್ಮನಿರು ಎನ್ನಲಿಲ್ಲ. ಪಂಕ್ಚರ್ ಹಾಕಿ ಮುಗಿಸಿ, ಗಾಳಿ ತುಂಬಿ, ಹಸ್ತದಿಂದ ಚಕ್ರ ಒತ್ತಿ ನೋಡಿದ. ಆಮೇಲೆ ಇನ್ನೊಂದು ಸೈಕಲ್ಲನ್ನು ಎಳೆದುಕೊಂಡು ಅದರ ಕೆಲಸಕ್ಕೆ ಕುಳಿತ. ವಾಡಿಗೆ ಹೋಗುವ ಗಾಡಿಯ ಹೊತ್ತಾಗುವವರೆಗೂ ನಾನು ಅಲ್ಲೇ ಇದ್ದೆ. ಅವನು ಹೋಗು ಎನ್ನಲಿಲ್ಲ, ಕುಂದ್ರು ಎಂದೂ ಅನ್ನಲಿಲ್ಲ.